ಅರವತ್ತರ ನಂತರ ಒಡನಾಟ ಕಟ್ಟಿಕೊಳ್ಳುವ ಬಗೆ: ಚಿಕ್ಕಮಗಳೂರು ಸೀಮೆಯ ಹಿರಿಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕೆಂದರೆ ತೋಟವನ್ನೋ, ಗದ್ದೆಬಯಲನ್ನೋ, ಹಳ್ಳವನ್ನೋ ದಾಟಬೇಕು. ಮೊಣಕಾಲು ಗಟ್ಟಿಯಾಗಿರುವವರೆಗೆ ಅದು ದೂರವೆಂದೇ ಅನ್ನಿಸುವುದಿಲ್ಲ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಜೊತೆಗಾರರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಹಿಡಿದುಕೊಂಡಾಗ ಅದೇ ದಾರಿ ದಾಟಲಾಗದ ದಾರಿಯಾಗುತ್ತದೆ. ಕಡೂರು, ತರೀಕೆರೆಯ ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಚಿಕ್ಕಮಗಳೂರು ಪಟ್ಟಣದ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿದೆ. ಆದರೂ ಅಲ್ಲಿಯೂ ದಿನವಿಡೀ ಯಾರೊಡನೆಯೂ ಮಾತನಾಡದೆ ಸಂಜೆ ಮಾಡುವ ಹಿರಿಯರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ, ಮತ್ತು ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಒಂಟಿತನದ ನಂಟಿದೆ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕದೆ, ರಕ್ತದೊತ್ತಡದಂತೆಯೇ ಗಮನ ಕೊಡಬೇಕಾದ ಸಂಗತಿಯೆಂದು ತಿಳಿಯುವುದು ಒಳ್ಳೆಯದು.

ನಾಟಿಯ ಕಾಲದಲ್ಲಿ ಈ ಸೀಮೆಯಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಇಂದು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗುತ್ತಿರಲಿಲ್ಲ, ಆದ್ದರಿಂದಲೇ ಸಂಬಂಧವೂ ಮುಗಿಯುತ್ತಿರಲಿಲ್ಲ. ಗದ್ದೆಗಳು ಅಡಿಕೆ ತೋಟಗಳಾದಂತೆ ಆ ಪದ್ಧತಿ ಸವೆಯಿತು. ಇಳಿವಯಸ್ಸಿನಲ್ಲಿ ಬಳಗ ಕಟ್ಟಿಕೊಳ್ಳಲು ಬೇಕಾದುದು ಇದೇ ಬಗೆಯ ಕೊಡುಕೊಳ್ಳುವಿಕೆ ಎಂಬುದು ನನ್ನ ದೃಢವಾದ ನಂಬಿಕೆ. ಬರಿದೇ ಕೊಡುವವರು ಕೆಲವು ತಿಂಗಳಲ್ಲಿ ದಣಿಯುತ್ತಾರೆ, ಬರಿದೇ ಪಡೆಯುವವರು ಸಂಕೋಚದಿಂದ ದೂರ ಸರಿಯುತ್ತಾರೆ. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಈ ನಂಬಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ನೋಟ್‌ಪುಸ್ತಕ, ಕಿವಿ ಮತ್ತು ಕಣ್ಣು

ಒಂದು ಸಣ್ಣ ನೋಟ್‌ಪುಸ್ತಕ ತೆಗೆದುಕೊಂಡು, ನೀವು ಊರುಗೋಲು ಹಿಡಿದಾದರೂ ನಡೆದು ತಲುಪಬಹುದಾದ ಅಥವಾ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಮನೆಗಳನ್ನು ಬರೆದುಕೊಳ್ಳಿ. ಪ್ರತಿ ಮನೆಯ ಮುಂದೆ ಮೂರು ಸಂಗತಿಗಳಿರಲಿ: ಅಲ್ಲಿ ಹಗಲಿನಲ್ಲಿ ಯಾರು ಒಬ್ಬರೇ ಇರುತ್ತಾರೆ, ಅವರಿಗೆ ಬಿಡುವಿನ ಹೊತ್ತು ಯಾವುದು, ಅವರಿಗೆ ಏನು ಚೆನ್ನಾಗಿ ಬರುತ್ತದೆ. ಮೂರನೆಯದನ್ನು ಬಿಡಬೇಡಿ. ಒಬ್ಬರಿಗೆ ಕಸಿ ಕಟ್ಟುವುದು ಗೊತ್ತು, ಇನ್ನೊಬ್ಬರಿಗೆ ಕುಮಾರವ್ಯಾಸನ ಪದ್ಯಗಳು ಬಾಯಿಗೆ ಬರುತ್ತವೆ, ಮತ್ತೊಬ್ಬರು ಕಂದಾಯ ಇಲಾಖೆಯಲ್ಲಿದ್ದು ಪಹಣಿ ಓದಬಲ್ಲರು. ಕೊನೆಯ ಪುಟದಲ್ಲಿ ನಿಮ್ಮ ಹೆಸರನ್ನೇ ಬರೆದು, ನೀವು ಕೊಡಬಲ್ಲುದನ್ನೂ ನಿಮಗೆ ಬೇಕಾಗಿರುವುದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಬಹಳ ಮಂದಿ ಎರಡನೆಯ ಸಾಲನ್ನು ಖಾಲಿ ಬಿಡುತ್ತಾರೆ. ಬಲ್ಬು ಬದಲಿಸಲು ಏಣಿ ಹತ್ತಲಾಗುವುದಿಲ್ಲ, ಬ್ಯಾಂಕಿನಿಂದ ಬಂದ ಪತ್ರ ಅರ್ಥವಾಗುವುದಿಲ್ಲ, ರಾತ್ರಿ ಭಯವಾಗುತ್ತದೆ ಎಂಬುದನ್ನೆಲ್ಲ ಬರೆಯಬೇಕು.

ಇದರ ಜೊತೆಗೆ ಕಿವಿಯನ್ನೂ ಕಣ್ಣನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಅರವತ್ತು ದಾಟಿದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನರಿಗೆ ದೈನಂದಿನ ಮಾತುಕತೆಗೆ ತೊಡಕಾಗುವಷ್ಟು ಕಿವುಡಿರುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದುವೆ ಮನೆಗೆ ಹೋಗಲು ಬೇಸರ, ನಾಲ್ಕು ಜನ ಸೇರಿದರೆ ಸುಸ್ತು ಎನ್ನುವವರಲ್ಲಿ ಅನೇಕರ ತೊಂದರೆ ಸ್ವಭಾವದ್ದಲ್ಲ, ಕಿವಿಯದು: ಮಾತು ಅರ್ಧ ಕೇಳಿಸಿ, ಕೇಳಿಸಿದಂತೆ ನಗುತ್ತ ಕೂರುವುದು ನಿಜಕ್ಕೂ ದಣಿಸುತ್ತದೆ. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ತೆಗೆಸಿದರೆ ಸಾಕಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಒಮ್ಮೆ ಹೋಗಿಬಂದ ನಂತರವೇ ಉಳಿದ ಹೆಜ್ಜೆಗಳು ಸುಲಭವಾಗುತ್ತವೆ.

ಎರಡನೆಯ ಹೆಜ್ಜೆ: ಮತ್ತೆ ಮತ್ತೆ ಬರುವ ಒಂದು ಕೆಲಸವನ್ನು ಆರಿಸಿಕೊಳ್ಳುವುದು

ಹಬ್ಬಕ್ಕೊಮ್ಮೆ ಕಂಬಳಿ ಹಂಚುವುದಕ್ಕಿಂತ ವಾರಕ್ಕೊಮ್ಮೆ ಒಂದೇ ಮನೆಗೆ ಹೋಗಿ ಪತ್ರಿಕೆ ಓದಿ ಹೇಳುವುದರಿಂದ ಸಂಬಂಧ ಬೆಳೆಯುತ್ತದೆ. ಆದುದರಿಂದ ಒಬ್ಬರನ್ನು, ಒಂದು ದಿನವನ್ನು, ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದು ನಿಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬೇಡುವಂತಿರಲಿ, ಏಕೆಂದರೆ ಮಳೆಗಾಲದಲ್ಲೂ ನೀವದನ್ನು ನಡೆಸಿಕೊಂಡು ಹೋಗಬೇಕು.

ತೀರ ಸುಲಭವಾದುದು ಬೆಳಗಿನ ಮಿಸ್ಡ್ ಕಾಲ್. ಒಂಟಿಯಾಗಿರುವ ಇಬ್ಬರು ಮಾತಾಡಿಕೊಂಡು, ಏಳು ಗಂಟೆಗೆ ಒಬ್ಬರು ಕರೆ ಕೊಡುವುದು, ಇನ್ನೊಬ್ಬರು ತಿರುಗಿ ಒಂದು ರಿಂಗ್ ಕೊಡುವುದು ಎಂದು ಗೊತ್ತುಮಾಡಿಕೊಳ್ಳಬಹುದು. ಎಂಟರೊಳಗೆ ಉತ್ತರ ಬರದಿದ್ದರೆ ಯಾರನ್ನು ಕಳಿಸಬೇಕು, ಮನೆಯ ಇನ್ನೊಂದು ಬೀಗದ ಕೈ ಯಾರಲ್ಲಿದೆ ಎಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ಬಚ್ಚಲಲ್ಲಿ ಜಾರಿ ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೆಯೇ ಇರುವ ಅಪಾಯವನ್ನು ಈ ಏರ್ಪಾಡು ಬಹಳ ಕಡಿಮೆ ಮಾಡುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯ ಮನೆಗಳಲ್ಲಿ, ಎದ್ದ ತಕ್ಷಣ ಜಗಲಿಯ ದೀಪ ಆರಿಸುವುದನ್ನೋ, ಎದುರು ಮನೆಗೆ ಕಾಣುವಂತೆ ಬಾಗಿಲು ತೆರೆದಿಡುವುದನ್ನೋ ಗುರುತಾಗಿ ಇಟ್ಟುಕೊಳ್ಳಬಹುದು.

ಎರಡನೆಯದು ಆಸ್ಪತ್ರೆಗೆ ಜೊತೆಯಾಗಿ ಹೋಗುವುದು. ವೈದ್ಯರು ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ ಎಂದು ಮನೆಗೆ ಬಂದ ಮೇಲೆ ಇನ್ನೊಮ್ಮೆ ಹೇಳುವುದರಲ್ಲಿ ದೊಡ್ಡ ಉಪಕಾರವಿದೆ. ಪ್ರಯಾಣದ ಖರ್ಚನ್ನೂ ನೆನಪಿಡಿ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ, ಅರವತ್ತು ತುಂಬಿದ ಪುರುಷರಿಗೆ ನಿಗಮದ ಬಸ್ಸುಗಳಲ್ಲಿ ಶೇಕಡಾ 25ರಷ್ಟು ರಿಯಾಯಿತಿ ಇದೆ. ಮಲೆನಾಡಿನ ಒಳದಾರಿಗಳಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲವಾದ್ದರಿಂದ ನಿಗಮದ ಬಸ್ಸಿನ ಹೊತ್ತು ನೋಡಿ ಹೊರಡುವುದು ಅನುಕೂಲ.

ಮೂರನೆಯದು ನವೆಂಬರ್ ತಿಂಗಳಿನದು. ಕೇಂದ್ರ ಸರ್ಕಾರದ ಪಿಂಚಣಿದಾರರು ಆ ತಿಂಗಳು ಜೀವಿತ ಪ್ರಮಾಣಪತ್ರ ಕೊಡಬೇಕು. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯನಿಧಿಯ ಪಿಂಚಣಿದಾರರು ವರ್ಷದ ಯಾವ ದಿನವಾದರೂ ಕೊಡಬಹುದು, ಅದು ಹನ್ನೆರಡು ತಿಂಗಳು ಸಲ್ಲುತ್ತದೆ. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಈಗ ಮೊಬೈಲ್ ಕ್ಯಾಮೆರಾದ ಮುಂದೆ ಮುಖ ತೋರಿಸಿಯೂ ಇದನ್ನು ಮಾಡಬಹುದು. ಅಂಚೆಯವರು ಮನೆಗೇ ಬಂದು ಮಾಡಿಕೊಡುವ ಸೇವೆಯೂ ಇದೆ. ಬೆರಳಚ್ಚು ಸವೆದು ಯಂತ್ರ ಗುರುತಿಸದ ಹಿರಿಯರಿಗೆ, ಅದರಲ್ಲೂ ಜೀವಮಾನವಿಡೀ ತೋಟದಲ್ಲಿ ದುಡಿದ ಕೈಗಳಿಗೆ, ಮುಖದ ಗುರುತು ವರದಾನವಾಗಿದೆ. ಫೋನ್ ಬಳಸಬಲ್ಲ ಒಬ್ಬರು ಒಂದು ಮಧ್ಯಾಹ್ನ ನಾಲ್ಕಾರು ಮನೆಗಳ ಈ ಕೆಲಸ ಮುಗಿಸಿಕೊಟ್ಟರೆ, ಅದರಿಂದ ಆಗುವ ಪರಿಚಯ ವರ್ಷವಿಡೀ ಉಳಿಯುತ್ತದೆ.

ಕಾಫಿ ಕೊಯ್ಲಿನ ಕಾಲದ ಬಗ್ಗೆ ಬೇರೆಯಾಗಿ ಹೇಳಬೇಕು. ನವೆಂಬರ್‌ನಲ್ಲಿ ಅರೇಬಿಕಾದಿಂದ ಮೊದಲಾಗಿ ರೋಬಸ್ಟಾ ಮುಗಿಯುವವರೆಗೆ ಬೆಳೆಗಾರರ ಮನೆಗಳಲ್ಲಿ ಯಾರಿಗೂ ಬಿಡುವಿಲ್ಲ. ಎಲ್ಲರೂ ತೋಟಕ್ಕೆ ಹೋದ ಮೇಲೆ ಕಣದಲ್ಲಿ ಒಣಗುವ ಕಾಫಿಯನ್ನು ಕಾಯುತ್ತ ಕುಳಿತವರು ಮನೆಯ ಹಿರಿಯರೇ. ಊರೆಲ್ಲ ಗಡಿಬಿಡಿಯಲ್ಲಿರುವ ಆ ತಿಂಗಳುಗಳಲ್ಲಿಯೇ ಅವರ ಒಂಟಿತನ ಹೆಚ್ಚು, ಮತ್ತು ಅವರು ಎಲ್ಲಿಗೂ ಎದ್ದುಹೋಗುವಂತಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಕಣದ ಬದಿಯಲ್ಲಿ ಹೋಗಿ ಕುಳಿತು, ಕಾಫಿ ಕೈಯಾಡಿಸಲು ನೆರವಾಗುವುದು ಈ ಸೀಮೆಗೇ ಹೊಂದುವ ಒಳ್ಳೆಯ ಭೇಟಿ. ಆಗ ಅವರು ಅತಿಥಿಸತ್ಕಾರಕ್ಕೆ ಒದ್ದಾಡಬೇಕಾಗಿಯೂ ಇಲ್ಲ.

ಮೂರನೆಯ ಹೆಜ್ಜೆ: ಕೇಳುವ ರೀತಿ ಮತ್ತು ಪಡೆಯುವ ರೀತಿ

“ಏನಾದರೂ ಸಹಾಯ ಬೇಕಿದ್ದರೆ ಹೇಳಿ” ಎಂಬ ಮಾತಿಗೆ “ಏನೂ ಬೇಡ, ದೇವರು ಚೆನ್ನಾಗಿಟ್ಟಿದ್ದಾನೆ” ಎಂಬ ಉತ್ತರವೇ ಬರುತ್ತದೆ. “ನಾಳೆ ಸಂತೆಗೆ ಹೋಗುತ್ತಿದ್ದೇನೆ, ನಿಮಗೆ ಅರ್ಧ ಕಿಲೋ ಈರುಳ್ಳಿ ತರಲೇ, ಒಂದು ಕಿಲೋ ತರಲೇ?” ಎಂದು ಕೇಳಿದರೆ ಉತ್ತರಿಸುವುದು ಸುಲಭ. ತಂದದ್ದಕ್ಕೆ ಹಣ ಕೊಟ್ಟರೆ ತೆಗೆದುಕೊಳ್ಳಿ. ಬೇಡವೆಂದು ಹಟ ಮಾಡಿದರೆ ಮುಂದಿನ ವಾರ ಅವರು ಏನನ್ನೂ ಹೇಳುವುದಿಲ್ಲ.

ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ನೀವೇ ಅವರಿಂದ ಏನಾದರೂ ಕೇಳಬೇಕು. ಮಳೆ ಹಿಡಿಯುವ ಮೊದಲು ಡೇರೆ (ಡೇಲಿಯಾ) ಹೂವಿನ ಗೆಡ್ಡೆ ಕೇಳಬಹುದು. ಮಲೆನಾಡಿನ ಹೆಂಗಸರ ಗೆಳೆತನಗಳಲ್ಲಿ ಎಷ್ಟೋ ಈ ಗೆಡ್ಡೆಗಳ ಕೊಡುಕೊಳ್ಳುವಿಕೆಯಿಂದ ಹುಟ್ಟಿದವು. ಅಪ್ಪೆಮಿಡಿಗೆ ಉಪ್ಪು ಎಷ್ಟು ದಿನ ಹಿಡಿಯಬೇಕೆಂದು, ಮೆಣಸಿನ ಬಳ್ಳಿಗೆ ಯಾವ ಮರ ಒಗ್ಗುತ್ತದೆಂದು, ಹಳೆಯ ಕಾಗದಪತ್ರದ ಒಂದು ಶಬ್ದದ ಅರ್ಥವೇನೆಂದು ಕೇಳಬಹುದು. ಕೇಳಿದ್ದು ನಿಜವಾಗಿ ನಿಮಗೆ ಬೇಕಾದುದೇ ಆಗಿರಲಿ, ಮತ್ತು ಹೇಳಿಕೊಟ್ಟಂತೆ ಮಾಡಿ ಏನಾಯಿತೆಂದು ಹೋಗಿ ತಿಳಿಸಿ.

ಪಡೆಯುವುದು ಕೊಡುವುದಕ್ಕಿಂತ ಕಷ್ಟ. ಯಾರ ಹಂಗೂ ಬೇಡವೆಂದು ಬದುಕಿದ ತಲೆಮಾರಿಗೆ, ಸ್ವಂತ ಕಾಲ ಮೇಲೆ ನಿಂತು ಮಕ್ಕಳನ್ನು ಓದಿಸಿದವರಿಗೆ, ಪಕ್ಕದ ಮನೆಯ ಹುಡುಗನನ್ನು ಕರೆದು ಗ್ಯಾಸ್ ಸಿಲಿಂಡರ್ ಬದಲಿಸಿಕೊಡು ಎನ್ನುವುದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ನೀವು ಕೇಳಿದ ದಿನದಿಂದ ಆ ಹುಡುಗ ನಿಮ್ಮ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿ ನೋಡಲು ಹಕ್ಕು ಪಡೆಯುತ್ತಾನೆ. ಕೇಳುವಾಗ ಕೆಲಸ ಚಿಕ್ಕದಾಗಿರಲಿ, ಹೊತ್ತು ಸ್ಪಷ್ಟವಾಗಿರಲಿ, ಆಗುವುದಿಲ್ಲ ಎನ್ನಲು ಅವರಿಗೆ ದಾರಿಯಿರಲಿ.

ನಾಲ್ಕನೆಯ ಹೆಜ್ಜೆ: ಒಂದೇ ಜಾಗ, ಒಂದೇ ಹೊತ್ತು

ಇಬ್ಬರು ಮೂವರ ಪರಿಚಯ ಗಟ್ಟಿಯಾದ ಮೇಲೆ ವಾರಕ್ಕೊಮ್ಮೆ ಸೇರುವ ಜಾಗವನ್ನು ಹುಡುಕಬೇಕು. ಜಾಗಕ್ಕೆ ಬೇಕಾದ ಗುಣಗಳು ನಾಲ್ಕೇ: ಬೆನ್ನು ಒರಗಿಸಲು ಆಸರೆಯಿರುವ ಆಸನ, ಹತ್ತಿರದಲ್ಲಿ ಶೌಚಾಲಯ, ಮೆಟ್ಟಿಲಿಲ್ಲದ ದಾರಿ, ಮತ್ತು ಯಾರು ಬೇಕಾದರೂ ಬಂದು ಕೂರಬಹುದೆಂಬ ಭರವಸೆ. ಚಿಕ್ಕಮಗಳೂರು ಪಟ್ಟಣದವರಿಗೆ ರತ್ನಗಿರಿ ಬೋರೆಯ ಉದ್ಯಾನವಿದೆ, ಸಾರ್ವಜನಿಕ ಗ್ರಂಥಾಲಯವಿದೆ. ಕನ್ನಡದಲ್ಲಿಯೇ ಪೂಜೆ ನಡೆಯುವ ಹಿರೇಮಗಳೂರಿನ ಕೋದಂಡರಾಮ ದೇವಾಲಯದ ಆವರಣವೂ ದೂರವಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರಿದೆ; ಅಲ್ಲಿ ಪತ್ರಿಕೆಗಳೂ ಕುರ್ಚಿಗಳೂ ಸಿಗುತ್ತವೆ, ಶಾಲೆ ಬಿಟ್ಟ ಮೇಲೆ ಮಕ್ಕಳೂ ಬರುತ್ತಾರೆ. ಬಯಲುಸೀಮೆಯ ಊರುಗಳಲ್ಲಿ ಬೆಳಿಗ್ಗೆ ಸಂಜೆ ಹಾಲು ಹಾಕಲು ಜನ ಸೇರುವ ಡೈರಿ ಇದಕ್ಕಿಂತಲೂ ಉತ್ತಮ, ಏಕೆಂದರೆ ಅಲ್ಲಿಗೆ ಬರಲು ಯಾರಿಗೂ ಬೇರೆ ಕಾರಣ ಬೇಕಿಲ್ಲ.

ಜಾತಿ ಸಂಘಗಳ ಸಭಾಭವನಗಳು ಸುಲಭವಾಗಿ ಸಿಗುತ್ತವೆ, ಸೌಕರ್ಯವೂ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಒಂದೇ ಬಳಗದವರು ಬರುತ್ತಾರೆ, ಉಳಿದವರು ಕರೆದರೂ ಹೊಸ್ತಿಲಲ್ಲಿ ನಿಲ್ಲುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಮುಪ್ಪು ಕಂಡ ಕಾರ್ಮಿಕರು, ಅದೇ ತೋಟದ ಮಾಲೀಕರ ಮನೆಯ ಹಿರಿಯರು, ನಲವತ್ತು ವರ್ಷ ಒಂದೇ ಮಳೆ ಒಂದೇ ಬಿಸಿಲು ಕಂಡವರು. ಅವರು ಒಂದೇ ಬೆಂಚಿನ ಮೇಲೆ ಕೂರಲು ಸಾಧ್ಯವಾಗುವ ಜಾಗವನ್ನೇ ಹುಡುಕಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೊದಮೊದಲು ತಿಂಡಿಯ ಏರ್ಪಾಡು ಬೇಡ. ಅಡುಗೆ ಯಾರದು ಎಂಬ ಪ್ರಶ್ನೆಯಲ್ಲಿಯೇ ಎಷ್ಟೋ ಒಳ್ಳೆಯ ಆರಂಭಗಳು ಮುರಿದುಬಿದ್ದಿವೆ. ಅಂಗಡಿಯ ಕಾಫಿ ಸಾಕು.

ಹೊತ್ತು ಗೊತ್ತುಮಾಡುವಾಗ ಬಸ್ಸಿನ ವೇಳೆಯನ್ನೂ ಆನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಲ್ದೂರು, ಮೂಡಿಗೆರೆಯ ಕಡೆ ಕಾಡಾನೆಗಳ ಓಡಾಟವಿರುವಾಗ ಬೆಳಗಿನ ಜಾವದ ನಡಿಗೆಯ ಗುಂಪು ಅಪಾಯಕಾರಿ. ಹತ್ತೂವರೆಯ ಮೇಲೆ ಸೇರಿ, ಊಟದ ಹೊತ್ತಿಗೆ ಮನೆ ಮುಟ್ಟುವಂತಿರಲಿ. ಅರಣ್ಯ ಇಲಾಖೆಯ ಎಚ್ಚರಿಕೆಯ ಸಂದೇಶ ಬಂದ ದಿನ ಯಾರೂ ಹೊರಡಬಾರದೆಂಬ ನಿಯಮ ಮೊದಲೇ ಇರಲಿ. ಭಾರಿ ಮಳೆಯ ವಾರಗಳಲ್ಲಿ ಸೇರುವ ಬದಲು, ಅದೇ ದಿನ ಅದೇ ಹೊತ್ತಿಗೆ ಒಬ್ಬರಿಗೊಬ್ಬರು ಫೋನ್ ಮಾಡಿದರೂ ದಿನ ತಪ್ಪಿದಂತಾಗುವುದಿಲ್ಲ.

ಸೇರಿ ಏನು ಮಾಡಬೇಕು? ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಹೂಬತ್ತಿ ಹೊಸೆಯುವುದು, ಶಾಲೆಯ ಕೈತೋಟಕ್ಕೆ ಬೀಜ ಬೇರ್ಪಡಿಸುವುದು, ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊದಿಕೆ ಹಾಕುವುದು ಇಂಥವು ಒಳ್ಳೆಯವು. ಗಂಡಸರು ಎದುರುಬದುರು ಕುಳಿತು ಮನಸ್ಸಿನ ಮಾತು ಆಡುವುದು ಕಡಿಮೆ, ಪಕ್ಕಪಕ್ಕ ನಿಂತು ಬೇಲಿ ಕಟ್ಟುವಾಗ ಆಡುತ್ತಾರೆ. ಗಮಕ ಬಲ್ಲವರೊಬ್ಬರಿದ್ದರೆ ಬೇರೇನೂ ಬೇಡ: ಒಬ್ಬರು ಹಾಡಿ, ಇನ್ನೊಬ್ಬರು ಅರ್ಥ ಹೇಳುವ ಆ ಪದ್ಧತಿಯಲ್ಲಿ ಕೇಳುವವರಿಗೂ ಪಾಲಿದೆ.

ಐದನೆಯ ಹೆಜ್ಜೆ: ಸಾವಿನ ನಂತರ, ಹಬ್ಬದ ದಿನ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದು. ನಮ್ಮಲ್ಲಿ ಸಾವಾದ ಮನೆಗೆ ಹದಿಮೂರು ದಿನ ಜನವೋ ಜನ. ವೈಕುಂಠ ಸಮಾರಾಧನೆಯೋ ತಿಥಿಯೂಟವೋ ಮುಗಿದು, ಮಕ್ಕಳು ರಜೆ ಮುಗಿಸಿ ಹೊರಟು, ಶಾಮಿಯಾನದವರು ಕುರ್ಚಿ ಒಯ್ದ ಮೇಲೆ ಉಳಿದವರು ಒಬ್ಬರೇ. ಆದುದರಿಂದ ಮೊದಲ ವಾರದ ಗುಂಪಿನಲ್ಲಿ ಒಬ್ಬರಾಗುವುದಕ್ಕಿಂತ ನಾಲ್ಕನೆಯ ವಾರ ಹೋಗುವುದು ಹೆಚ್ಚು ಉಪಕಾರ. ಕ್ಯಾಲೆಂಡರಿನಲ್ಲಿ ಆ ದಿನವನ್ನು ಬರೆದಿಟ್ಟುಕೊಳ್ಳಿ. ಹೋದಾಗ ಸಮಾಧಾನದ ಮಾತು ಹುಡುಕಬೇಕಾಗಿಲ್ಲ. ತೀರಿಕೊಂಡವರ ಹೆಸರೆತ್ತಿ, ಅವರೊಡನೆ ನೀವು ಕಂಡ ಒಂದು ಘಟನೆ ಹೇಳಿ. ಹೆಸರೆತ್ತಿದರೆ ನೋವಾಗುತ್ತದೆಂದು ಎಲ್ಲರೂ ಸುಮ್ಮನಿರುವುದರಿಂದ, ಆ ಹೆಸರು ಕೇಳಲು ಅವರು ಕಾಯುತ್ತಿರುತ್ತಾರೆ. ಆ ವರ್ಷ ಅವರ ಮನೆಯಲ್ಲಿ ಹಬ್ಬವಿರುವುದಿಲ್ಲ. ಊರಿನ ಪಟಾಕಿ ಸದ್ದು ಕೇಳುತ್ತ ಕುಳಿತ ಆ ಸಂಜೆಗಳಲ್ಲಿ ಒಂದು ಗಂಟೆ ಅವರೊಡನೆ ಕಳೆಯಿರಿ.

ಗಂಡನನ್ನು ಕಳೆದುಕೊಂಡ ಹೆಂಗಸರು ಇನ್ನೊಂದು ನೋವನ್ನು ನುಂಗುತ್ತಾರೆ. ಗೌರಿ ಹಬ್ಬದ ಬಾಗಿನ, ಅರಿಶಿನ ಕುಂಕುಮ, ಮದುವೆಯ ಆರತಿ ಎಲ್ಲದರಿಂದಲೂ ಅವರನ್ನು ಬದಿಗೆ ಸರಿಸುವುದು ಇಂದಿಗೂ ಅನೇಕ ಮನೆಗಳಲ್ಲಿದೆ, ಮತ್ತು ಎಷ್ಟೋ ವರ್ಷಗಳ ಗೆಳತಿಯರ ಬಳಗ ಆ ಒಂದು ದಿನದಿಂದ ಅವರ ಪಾಲಿಗೆ ಮುಚ್ಚಿಹೋಗುತ್ತದೆ. ಇದು ಅನ್ಯಾಯ. ನಿಮ್ಮ ಮನೆಯ ಶುಭಕಾರ್ಯಕ್ಕೆ ಅವರನ್ನು ಹೆಸರು ಹಿಡಿದು ಕರೆಯಿರಿ, ಬಾಗಿನ ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ. ಅವರೇ ಹಿಂಜರಿದರೆ ಒತ್ತಾಯ ಮಾಡದೆ, ಜೊತೆಯಲ್ಲಿ ಇನ್ನೊಬ್ಬರು ಹಿರಿಯರನ್ನು ಕಳಿಸಿ ಕರೆತನ್ನಿ. ಸಂಕ್ರಾಂತಿಯ ಎಳ್ಳು ಬೀರಲು ಮಕ್ಕಳನ್ನು ಕಳಿಸುವಾಗ ಮೊದಲ ಮನೆ ಅವರದಾಗಲಿ.

ದುಃಖ ತಿಂಗಳುಗಟ್ಟಲೆ ಇಳಿಯದೆ, ಊಟ ನಿದ್ದೆ ಕೆಟ್ಟು, ಬದುಕು ಸಾಕೆಂಬ ಮಾತು ಬಂದರೆ ಅದನ್ನು ವಯಸ್ಸಿನ ಮಾತೆಂದು ಬಿಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಆರನೆಯ ಹೆಜ್ಜೆ: ದುಡ್ಡು, ಆಸ್ತಿ ಮತ್ತು ಎಲ್ಲೆಗಳು

ಬಳಗದೊಳಗೆ ಸಾಲ, ಚೀಟಿ, ಜಾಮೀನು ಬೇಡ. ಯಾರ ಎಟಿಎಂ ಕಾರ್ಡನ್ನೂ ಒಯ್ಯಬೇಡಿ, ಒಟಿಪಿ ಕೇಳಬೇಡಿ, ಹೇಳಬೇಡಿ. ಪೊಲೀಸರೆಂದೋ ನ್ಯಾಯಾಲಯದವರೆಂದೋ ವಿಡಿಯೋ ಕರೆಯಲ್ಲಿ ಹೆದರಿಸಿ ಹಣ ಕೀಳುವ ವಂಚಕರು ಒಂಟಿ ಹಿರಿಯರನ್ನೇ ಹುಡುಕುತ್ತಾರೆ. ಅಂಥ ಕರೆ ಬಂದರೆ ಫೋನ್ ಇಟ್ಟು, ಬಳಗದ ಒಬ್ಬರಿಗೆ ತಿಳಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು.

ಮಕ್ಕಳ ಜಗಳ ಮತ್ತು ಆಸ್ತಿಯ ವಿಷಯದಲ್ಲಿ ನೀವು ತೀರ್ಪುಗಾರರಾಗಬೇಡಿ. ಊಟ, ಔಷಧ ಸಿಗದಂತಹ ಅಥವಾ ಹೊಡೆತ ಬೈಗುಳದಂತಹ ಸ್ಥಿತಿ ಕಂಡರೆ ಮಾತ್ರ ದಾರಿ ತೋರಿಸುವುದು ಕರ್ತವ್ಯ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣದ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಈ ಜಿಲ್ಲೆಯಲ್ಲಿ ಚಿಕ್ಕಮಗಳೂರು ಮತ್ತು ತರೀಕೆರೆ ಎಂಬ ಎರಡು ಉಪವಿಭಾಗಗಳಿವೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಮಾಡಿಸಲು ಆ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಹಾಗಾಗಿ ದಾನಪತ್ರ ಬರೆಯುವವರು ಆ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಮಾಹಿತಿಗೂ ನೆರವಿಗೂ ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೆಲಸ ಮಾಡುತ್ತದೆ, ತುರ್ತಿಗೆ 112.

ಏಳನೆಯ ಹೆಜ್ಜೆ: ಬಳಗ ಬೆಳೆದಾಗ ಮತ್ತು ಒಬ್ಬರು ಹಾಸಿಗೆ ಹಿಡಿದಾಗ

ವಾಟ್ಸಾಪ್ ಗುಂಪು ಮಾಡುವುದಾದರೆ ಸೇರುವ ದಿನ, ಆಸ್ಪತ್ರೆ, ಬಸ್ಸು, ಆನೆಯ ಸುದ್ದಿ ಇಷ್ಟಕ್ಕೇ ಮೀಸಲಿಡಿ. ರಾಜಕೀಯ ಬಂದರೆ ಗುಂಪು ಎರಡಾಗುತ್ತದೆ. ಹತ್ತು ಹದಿನೈದು ಜನರಾದ ಕೂಡಲೇ ಸಂಘ ಮಾಡೋಣ, ಅಧ್ಯಕ್ಷರನ್ನು ಆರಿಸೋಣ ಎಂಬ ಮಾತು ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ನೋಂದಣಿ ಮಾಡಿಸಬಹುದು. ಆದರೆ ಮೊದಲ ವರ್ಷ ಅದು ಬೇಡವೆಂಬುದು ನನ್ನ ಅಭಿಪ್ರಾಯ. ಪದವಿ ಬಂದರೆ ಸನ್ಮಾನ, ಭಾಷಣ, ಫೋಟೋ ಬರುತ್ತವೆ, ಮೂಲೆಯಲ್ಲಿ ಕೂರುತ್ತಿದ್ದ ಮಿತಭಾಷಿಗಳು ಬರುವುದನ್ನು ನಿಲ್ಲಿಸುತ್ತಾರೆ. ಅನುದಾನವೋ ಕಟ್ಟಡವೋ ನಿಜವಾಗಿ ಬೇಕಾದಾಗ ನೋಂದಣಿ ಮಾಡಿಸಿದರಾಯಿತು. ಅಲ್ಲಿಯವರೆಗೆ ನೋಟ್‌ಪುಸ್ತಕವನ್ನು ನೋಡಿಕೊಳ್ಳಲು ಇಬ್ಬರಿರಲಿ, ಒಬ್ಬರು ಮಗಳ ಮನೆಗೆ ಹೋದರೂ ದಿನ ತಪ್ಪದಂತೆ.

ಯಾರಾದರೂ ಎರಡು ವಾರ ಬರದಿದ್ದರೆ ಫೋನ್ ಸಾಲದು, ಹೋಗಿ ನೋಡಬೇಕು. ಹಾಸಿಗೆ ಹಿಡಿದವರಿದ್ದರೆ ತಿಂಗಳಿಗೊಮ್ಮೆ ಬಳಗವೇ ಅವರ ಮನೆಯಲ್ಲಿ ಸೇರಬಹುದು. ಒಂದು ಸಲಕ್ಕೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ, ಅರ್ಧ ಗಂಟೆ ಸಾಕು, ಹೋಗುವ ಮುನ್ನ ಮನೆಯವರ ಅನುಕೂಲ ಕೇಳಬೇಕು. ಅವರನ್ನು ನೋಡಿಕೊಳ್ಳುತ್ತಿರುವ ಸೊಸೆಗೋ ಹೆಂಡತಿಗೋ ಆ ಅರ್ಧ ಗಂಟೆ ಹೊರಗೆ ಹೋಗಿಬರುವಂತೆ ಹೇಳಿ. ರೋಗಿಯ ಮುಂದೆ ರೋಗದ ಮಾತು ಬಿಟ್ಟು, ಹಿಂದಿನ ವಾರ ಬಳಗದಲ್ಲಿ ಓದಿದ್ದನ್ನು ಅವರಿಗೂ ಓದಿ ಹೇಳಿ, ಮುಂದಿನ ವಾರಕ್ಕೆ ಏನನ್ನು ಓದಬೇಕೆಂದು ಅವರನ್ನೇ ಕೇಳಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ.